ಶಾಂತಿಪಾಲನಾ ಮಿಷನ್ನಿನಲ್ಲಿ ನೆಟ್‌ವರ್ಕ್ ಭದ್ರತೆ: ಹುಬ್ಬಳ್ಳಿ-ಧಾರವಾಡದಲ್ಲೇ ಕೂತು ತಯಾರಾಗುವ ಬಗೆ

ವಿಶ್ವಸಂಸ್ಥೆಯ ಶಾಂತಿಪಾಲನಾ ಮಿಷನ್ನುಗಳಲ್ಲಿ ನೆಟ್‌ವರ್ಕ್ ಭದ್ರತೆಯ ಕೆಲಸ ಬೇಕೆನ್ನುವವರು ಮೊದಲು ಕಲಿಯಲು ಹೋಗುವುದು ಹ್ಯಾಕಿಂಗ್. ಕಾಳಿ ಲಿನಕ್ಸ್ ಹಾಕಿಕೊಂಡು, ನಾಲ್ಕು ಟೂಲ್ ಓಡಿಸಿ, ಒಂದು ಸರ್ಟಿಫಿಕೇಟ್ ಗಳಿಸಿ ಅರ್ಜಿ ಬರೆಯುತ್ತಾರೆ. ದಕ್ಷಿಣ ಸುಡಾನ್‌ನಲ್ಲೋ ಮಧ್ಯ ಆಫ್ರಿಕಾ ಗಣರಾಜ್ಯದಲ್ಲೋ ಇರುವ ಶಿಬಿರದಲ್ಲಿ ಭದ್ರತೆ ಕೆಡುವ ಕಾರಣಗಳು ಬೇರೆ. ಅಲ್ಲಿ ಉಪಗ್ರಹದ ಲಿಂಕ್ ಕಿರಿದು, ಕರೆಂಟು ಜನರೇಟರಿನದು, ಬಳಸುವ ಜನ ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಹೆಚ್ಚಿನ ತೊಂದರೆಗಳು ಈ ಮೂರರಿಂದಲೇ ಹುಟ್ಟುತ್ತವೆ. ಪುಣ್ಯಕ್ಕೆ ಈ ಮೂರನ್ನೂ ವಿದ್ಯಾನಗರದ ಬಾಡಿಗೆ ಕೋಣೆಯಲ್ಲಿ ಅಥವಾ ಬೆಟಗೇರಿಯ ಮನೆಯ ಅಟ್ಟದಲ್ಲಿ ಕೂತು ಕಲಿಯಬಹುದು. ಹೇಗೆ ಅನ್ನುವುದೇ ಈ ಬರಹದ ಮುಖ್ಯ ಭಾಗ. ಅರ್ಜಿ, ಸಂದರ್ಶನದ ಮಾತು ಕೊನೆಗೆ.

ಯಾರ ಕೈಯಲ್ಲಿ ಯಾವ ಕೆಲಸ

ದೊಡ್ಡ ಮಿಷನ್ನುಗಳಲ್ಲಿ ಫೀಲ್ಡ್ ಟೆಕ್ನಾಲಜಿ ಸೆಕ್ಷನ್ ಎಂಬ ವಿಭಾಗವಿರುತ್ತದೆ. ರೇಡಿಯೊ, ವಿಸ್ಯಾಟ್ (ಉಪಗ್ರಹ ಸಂಪರ್ಕದ ಚಿಕ್ಕ ಡಿಶ್), ಸರ್ವರ್, ಫೋನು, ಸಿಸಿಟಿವಿ ಎಲ್ಲ ಅದರ ಪಾಲಿಗೆ. ನಿಯಮ ಬರುವುದು ನ್ಯೂಯಾರ್ಕಿನ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಕಚೇರಿಯಿಂದ. ದೊಡ್ಡ ಡೇಟಾ ಸೆಂಟರುಗಳು ಇಟಲಿಯ ಬ್ರಿಂಡಿಸಿಯಲ್ಲಿ ಮತ್ತು ಸ್ಪೇನಿನ ವೆಲೆನ್ಸಿಯಾದಲ್ಲಿವೆ. ಸಮವಸ್ತ್ರದ ಸಿಗ್ನಲ್ಸ್ ಸಿಬ್ಬಂದಿಗೆ ತರಬೇತಿ ಕೊಡುವ ಅಕಾಡೆಮಿ ಉಗಾಂಡದ ಎಂಟೆಬ್ಬೆಯಲ್ಲಿದೆ. 2021ರ ಆಗಸ್ಟ್‌ನಲ್ಲಿ, ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ್ದಾಗಿದ್ದಾಗ, ಆ ಅಕಾಡೆಮಿಗೆ ನೆರವಾಗುವ ಒಪ್ಪಂದಕ್ಕೆ ಭಾರತ ಸಹಿ ಹಾಕಿತು. ಗಸ್ತು ಮತ್ತು ಘಟನೆಗಳನ್ನು ನಕ್ಷೆಯ ಮೇಲೆ ತೋರಿಸುವ ಯುನೈಟ್ ಅವೇರ್ ತಂತ್ರಾಂಶ ಜಾರಿಗೂ ಕೈ ಜೋಡಿಸಿತು.

ಒಂದು ಗಡಿಯನ್ನು ಮೊದಲೇ ತಿಳಿದಿರಬೇಕು. ಬೆಟಾಲಿಯನ್ನುಗಳು ತಮ್ಮ ದೇಶದಿಂದ ತಂದ ರೇಡಿಯೊ, ಲ್ಯಾಪ್‌ಟಾಪ್, ಜವಾನರು ಮನೆಗೆ ಮಾತಾಡಲು ಇಟ್ಟುಕೊಂಡ ಇಂಟರ್ನೆಟ್ಟು ನಿಮ್ಮ ಸುಪರ್ದಿಯಲ್ಲಿಲ್ಲ. ಆದರೆ ಅವರ ಸ್ಟಾಫ್ ಆಫೀಸರು ಕೂರುವ ಕೋಣೆಯ ಗೋಡೆಯಲ್ಲಿ ನಿಮ್ಮ ನೆಟ್‌ವರ್ಕಿನ ಸಾಕೆಟ್ ಇರುತ್ತದೆ. ಎರಡೂ ತಂತಿ ಒಂದೇ ಲ್ಯಾಪ್‌ಟಾಪಿಗೆ ಸೇರಿದ ದಿನ ಗಡಿ ಅಳಿಸಿಹೋಯಿತು ಎಂದೇ ಲೆಕ್ಕ. ಬಳಕೆಯಲ್ಲಿಲ್ಲದ ಸಾಕೆಟ್ಟುಗಳ ಪೋರ್ಟನ್ನು ಸ್ವಿಚ್‌ನಲ್ಲೇ ಮುಚ್ಚಿಡಿ. ಉಳಿದವಕ್ಕೆ 802.1ಎಕ್ಸ್ ದೃಢೀಕರಣ (ಗುರುತು ತೋರಿಸಿದ ಯಂತ್ರಕ್ಕೆ ಮಾತ್ರ ದಾರಿ) ಹಾಕಿ. ಅದಾಗದಿದ್ದರೆ ಪ್ರತಿ ಪೋರ್ಟಿಗೆ ಒಂದೇ ಮ್ಯಾಕ್ ವಿಳಾಸ (ಯಂತ್ರದ ಹುಟ್ಟುಗುರುತು) ಎಂಬ ಮಿತಿಯನ್ನಾದರೂ ಹಾಕಿ.

ಕಾಯುವುದು ಏನನ್ನು? ಬ್ಯಾಂಕಿನಲ್ಲಾದರೆ ಹಣ. ಇಲ್ಲಿ ನಾಳೆಯ ಗಸ್ತು ಯಾವ ರಸ್ತೆಯಲ್ಲಿ, ಹಿಂಸೆಯ ಬಗ್ಗೆ ಹೇಳಿಕೆ ಕೊಟ್ಟ ಹೆಂಗಸು ಯಾವ ಊರಿನವಳು ಎಂಬ ಮಾಹಿತಿ. ಸೋರಿದರೆ ಮರಳಿ ತರಲಾಗದ್ದು. ವಿಶ್ವಸಂಸ್ಥೆಯ 2007ರ ಸುತ್ತೋಲೆ ಮಾಹಿತಿಯನ್ನು ಅತಿ ಗೋಪ್ಯ, ಗೋಪ್ಯ, ವರ್ಗೀಕರಿಸದ್ದು ಎಂದು ಮೂರು ದರ್ಜೆ ಮಾಡಿದೆ. ಸಂದರ್ಶನಕ್ಕೆ ಹೋಗುವ ಮುಂಚೆ ಅದನ್ನು ಓದಿ. ಹತ್ತಿರದ ಉದಾಹರಣೆ ಬೇಕಿದ್ದರೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯದ್ದಿದೆ. 2022ರ ಜನವರಿಯಲ್ಲಿ 5,15,000ಕ್ಕೂ ಹೆಚ್ಚು ಜನರ ವಿವರ ಕಳುವಾದದ್ದು ತಿಳಿಯಿತು. ಕಳ್ಳರು ಒಳಬಂದದ್ದು ಹಿಂದಿನ ನವೆಂಬರ್ 9ರಂದು, ಪ್ಯಾಚ್ (ದೋಷ ಮುಚ್ಚುವ ಅಪ್‌ಡೇಟ್) ಹಾಕದೆ ಬಿಟ್ಟ ಒಂದು ಪಾಸ್‌ವರ್ಡ್ ನಿರ್ವಹಣೆ ತಂತ್ರಾಂಶದ ಮೂಲಕ. ವಿಶ್ವಸಂಸ್ಥೆಯ ಜಿನೀವಾ, ವಿಯೆನ್ನಾ ಕಚೇರಿಗಳಲ್ಲಿ 2019ರಲ್ಲಿ ಆದದ್ದೂ ಅದೇ ಜಾತಿಯದು: ಶೇರ್‌ಪಾಯಿಂಟ್ ಎಂಬ ಕಡತ ಹಂಚುವ ತಂತ್ರಾಂಶದ ದೋಷಕ್ಕೆ ಪ್ಯಾಚ್ ಬಂದು ತಿಂಗಳುಗಳಾಗಿದ್ದವು, ಹಾಕಿರಲಿಲ್ಲ.

ಪ್ಯಾಚ್ ಯಾಕೆ ಹಾಕುವುದಿಲ್ಲ? ಸೋಮಾರಿತನ ಅಂತ ಬೈಯುವುದು ಸುಲಭ. ದೂರದ ಶಿಬಿರಗಳ ಮಟ್ಟಿಗೆ ಲೆಕ್ಕ ಹಾಕಿ ನೋಡಿ. ಒಂದು ತಿಂಗಳ ವಿಂಡೋಸ್ ಅಪ್‌ಡೇಟ್ 600 ಎಂಬಿ ಎಂದಿಟ್ಟುಕೊಳ್ಳಿ. 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಲಿಂಕಿನಲ್ಲಿ, ಬೇರೆ ಯಾರೂ ಬಳಸದಿದ್ದರೂ, ಒಂದು ಕಂಪ್ಯೂಟರಿಗೆ 40 ನಿಮಿಷ. ಐವತ್ತು ಕಂಪ್ಯೂಟರು ತಾವೇ ನೇರ ಇಳಿಸಿಕೊಳ್ಳಲು ಹೊರಟರೆ 33 ಗಂಟೆ. ಅಷ್ಟು ಹೊತ್ತು ಕಮಾಂಡರಿನ ಫೋನು ತೊದಲುತ್ತದೆ. ಅವರು ನಿಲ್ಲಿಸು ಅನ್ನುತ್ತಾರೆ, ನೀವು ನಿಲ್ಲಿಸುತ್ತೀರಿ, ಮುಂದಿನ ತಿಂಗಳು ಮರೆಯುತ್ತೀರಿ. ಹೀಗಾಗಿ ಶಿಬಿರದಲ್ಲೊಂದು ಅಪ್‌ಡೇಟ್ ಸರ್ವರ್ ಇಟ್ಟು, ರಾತ್ರಿ 11ರಿಂದ ಬೆಳಗಿನ 4ರವರೆಗೆ ಒಂದು ಪ್ರತಿ ಮಾತ್ರ ಇಳಿಸಿ, ಉಳಿದವರಿಗೆ ಒಳಗಿನಿಂದಲೇ ಹಂಚಬೇಕು. ಇದನ್ನು ಮನೆಯಲ್ಲಿ ಮಾಡಿ ಕಲಿಯಿರಿ.

ಕೋಣೆಯಲ್ಲೊಂದು ಉಪಗ್ರಹ

ಬೇಕಾದದ್ದು: 16 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವ ಹಳೇ ಡೆಸ್ಕ್‌ಟಾಪ್ ಒಂದು. ಎರಡು ಲ್ಯಾನ್ ಪೋರ್ಟ್ ಇರುವ ಇನ್ನೊಂದು ಚಿಕ್ಕ ಯಂತ್ರ. ಒಂದೇ ಪೋರ್ಟ್ ಇದ್ದರೆ ಹೆಚ್ಚುವರಿ ಲ್ಯಾನ್ ಕಾರ್ಡ್ ಹಾಕಿಸಿ. ವಿಎಲ್ಯಾನ್ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲ) ಮಾಡಲು ಬರುವ 8 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್, ನಿಮ್ಮ ಲ್ಯಾಪ್‌ಟಾಪ್. ಹುಬ್ಬಳ್ಳಿಯಲ್ಲಿ ಆಫೀಸುಗಳಿಂದ ಹೊರಬಿದ್ದ ಹಳೇ ಡೆಸ್ಕ್‌ಟಾಪ್ ಮಾರುವ ಅಂಗಡಿಗಳಿವೆ, ಹೊಸದು ಕೊಳ್ಳಬೇಡಿ. ಫೈರ್‌ವಾಲ್‌ಗೆ ಓಪಿಎನ್‌ಸೆನ್ಸ್ ಎಂಬ ತಂತ್ರಾಂಶ ಸಾಕು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ವಿಂಡೋಸ್ ಸರ್ವರಿನ 180 ದಿನದ ಪರೀಕ್ಷಾ ಆವೃತ್ತಿ ಸಿಗುತ್ತದೆ.

ಎರಡು ಪೋರ್ಟಿನ ಯಂತ್ರದಲ್ಲಿ ಲಿನಕ್ಸ್ ಹಾಕಿ, ಎರಡು ಪೋರ್ಟಿನ ನಡುವೆ ಬ್ರಿಜ್ (ಒಂದರಲ್ಲಿ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವ ಸೇತುವೆ) ಮಾಡಿ, ಅದನ್ನು ಶಿಬಿರದ ಪಾತ್ರದ ಯಂತ್ರ ಮತ್ತು ಮುಖ್ಯ ಕಚೇರಿಯ ಪಾತ್ರದ ಯಂತ್ರದ ನಡುವೆ ಕೂರಿಸಿ. ಇದೇ ನಿಮ್ಮ ಉಪಗ್ರಹ. ಲಿನಕ್ಸ್ ಜೊತೆಗೇ ಬರುವ ನೆಟೆಮ್ ಸೌಲಭ್ಯದಿಂದ ವಿಳಂಬ 300 ಮಿಲಿಸೆಕೆಂಡ್, ವೇಗ 2 ಎಂಬಿಪಿಎಸ್, ಪ್ಯಾಕೆಟ್ (ಡೇಟಾದ ತುಣುಕು) ನಷ್ಟ ಶೇ. 0.5 ಎಂದು ಎರಡೂ ಪೋರ್ಟಿಗೆ ಹಾಕಿ. ನೆಟೆಮ್ ಹೊರಹೋಗುವ ಪ್ಯಾಕೆಟ್ಟಿಗೆ ಮಾತ್ರ ಅನ್ವಯಿಸುತ್ತದೆ. ಒಂದೇ ಪೋರ್ಟಿಗೆ ಹಾಕಿ ಅರ್ಧ ವಿಳಂಬ ಪಡೆದು ಖುಷಿಪಡುವವರು ಬಹಳ. ಭೂಸ್ಥಿರ ಉಪಗ್ರಹ 35,786 ಕಿಲೋಮೀಟರ್ ಎತ್ತರದಲ್ಲಿದೆ. ಪ್ರಶ್ನೆ ಹೋಗಿ ಉತ್ತರ ಬರುವುದಕ್ಕೆ (ಆ ಎತ್ತರ ನಾಲ್ಕು ಸಲ) ಬೆಳಕಿಗೇ ಸುಮಾರು 480 ಮಿಲಿಸೆಕೆಂಡ್ ಬೇಕು, ಉಪಕರಣಗಳ ಪಾಲು ಸೇರಿ 600 ಆಗುತ್ತದೆ.

ಇಲ್ಲೊಂದು ಬಲೆ ಇದೆ. ನೆಟೆಮ್‌ನ ಸರದಿ ತಾನಾಗಿ 1000 ಪ್ಯಾಕೆಟ್ ಹಿಡಿಯುತ್ತದೆ. 1500 ಬೈಟಿನ ಸಾವಿರ ಪ್ಯಾಕೆಟ್ ಅಂದರೆ 2 ಎಂಬಿಪಿಎಸ್‌ನಲ್ಲಿ 6 ಸೆಕೆಂಡಿನ ಸಾಲು. ಒಂದು ಡೌನ್‌ಲೋಡ್ ಶುರುವಾದ ಕೂಡಲೇ ಪಿಂಗ್ (ಹೋಗಿ ಬರುವ ಸಮಯ ಅಳೆಯುವ ಪರೀಕ್ಷೆ) 6,000 ಮಿಲಿಸೆಕೆಂಡ್ ತೋರಿಸಿ ನೀವು ಗಾಬರಿಯಾಗುತ್ತೀರಿ. ಮಿತಿಯನ್ನು 100ಕ್ಕೆ ಇಳಿಸಿ.

ಈಗ ಒಂದು ದೊಡ್ಡ ಕಡತ ಕಳಿಸಿ ನೋಡಿ. 64 ಕೆಬಿ ವಿಂಡೋ ಇರುವ, ಅಂದರೆ ಉತ್ತರ ಬರುವ ಮುಂಚೆ ಅಷ್ಟನ್ನು ಮಾತ್ರ ಕಳಿಸಬಲ್ಲ, ಹಳೇ ಮಾದರಿಯ ಟಿಸಿಪಿ ಸಂಪರ್ಕಕ್ಕೆ 600 ಮಿಲಿಸೆಕೆಂಡಿನ ದಾರಿಯಲ್ಲಿ ಸಿಗುವುದು 0.87 ಎಂಬಿಪಿಎಸ್ ಅಷ್ಟೇ. ಪೈಪು ಅರ್ಧಕ್ಕಿಂತ ಹೆಚ್ಚು ಖಾಲಿ. ಇದಕ್ಕಾಗಿ ಉಪಗ್ರಹ ಮೋಡೆಮ್‌ಗಳು ತಾವೇ ನಡುವೆ ಉತ್ತರ ಕೊಟ್ಟು ಟಿಸಿಪಿಯನ್ನು ಓಡಿಸುತ್ತವೆ. ಆದರೆ ನೀವು ಐಪಿಸೆಕ್ ವಿಪಿಎನ್ (ಗೂಢಲಿಪಿ ಹಾಕಿದ ಸುರಂಗ, ಟನೆಲ್) ಹಾಕಿದ ಕೂಡಲೇ ಮೋಡೆಮ್‌ಗೆ ಒಳಗಿನ ಟಿಸಿಪಿ ಕಾಣುವುದಿಲ್ಲ, ಓಟ ನಿಂತುಹೋಗುತ್ತದೆ. ಬಳಕೆದಾರರು ‘ವಿಪಿಎನ್ ತೆಗೆದರೆ ಚಲೋ ಓಡ್ತದ್ರಿ’ ಅನ್ನುವುದು ಸುಳ್ಳಲ್ಲ. ಪರಿಹಾರ ವಿಪಿಎನ್ ತೆಗೆಯುವುದಲ್ಲ, ವೇಗವರ್ಧಕವನ್ನು ಫೈರ್‌ವಾಲ್‌ನ ಒಳಬದಿಗೆ ತರುವುದು: ಮೊದಲು ವೇಗ, ಆಮೇಲೆ ಗೂಢಲಿಪಿ.

ಐಪಿಸೆಕ್ ತರುವ ಎರಡನೇ ಕಾಟವನ್ನು ಕೈಯಾರೆ ಹಿಡಿಯಬೇಕು, ಯಾಕೆಂದರೆ ಅದರ ಲಕ್ಷಣ ಮೋಸದ್ದು. ಪಿಂಗ್ ಹೋಗುತ್ತದೆ. ಲಾಗಿನ್ ಪುಟ ತೆರೆಯುತ್ತದೆ. ಹೆಸರು, ಪಾಸ್‌ವರ್ಡ್ ಹೊಡೆದ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಸರ್ವರ್ ಕೆಟ್ಟಿದೆ ಎಂದು ಬ್ರಿಂಡಿಸಿಗೆ ಟಿಕೆಟ್ ಬರೆಯುತ್ತಾರೆ, ಅಲ್ಲಿಂದ ಎಲ್ಲ ಸರಿ ಇದೆ ಎಂದು ಉತ್ತರ ಬರುತ್ತದೆ. ಆಗಿರುವುದು ಇಷ್ಟು: 1500 ಬೈಟಿನ ಪ್ಯಾಕೆಟ್ಟಿಗೆ ಗೂಢಲಿಪಿಯ ಹೊದಿಕೆ ಸೇರಿ ಅದು ದಾರಿಗಿಂತ ದೊಡ್ಡದಾಗಿದೆ. ‘ದೊಡ್ಡದಾಯಿತು, ಚಿಕ್ಕದು ಮಾಡು’ ಎಂದು ಹೇಳುವ ಐಸಿಎಂಪಿ ಸಂದೇಶವನ್ನು ಯಾರೋ ಭದ್ರತೆಯ ಹೆಸರಿನಲ್ಲಿ ಫೈರ್‌ವಾಲ್‌ನಲ್ಲಿ ಮುಚ್ಚಿದ್ದಾರೆ. ಚಿಕ್ಕ ಪ್ಯಾಕೆಟ್ ಹೋಗುತ್ತವೆ, ದೊಡ್ಡವು ಸದ್ದಿಲ್ಲದೆ ಸಾಯುತ್ತವೆ. ಅಳೆಯುವ ಕ್ರಮ:

1. ಶಿಬಿರದ ವಿಂಡೋಸ್ ಯಂತ್ರದಿಂದ ಟನೆಲ್‌ನ ಆಚೆಯ ಸರ್ವರಿಗೆ, ‘ತುಂಡು ಮಾಡಬೇಡ’ ಎಂಬ ಸೂಚನೆಯೊಂದಿಗೆ 1472 ಬೈಟಿನ ಪಿಂಗ್ ಕಳಿಸಿ. 28 ಬೈಟಿನ ತಲೆಬರಹ ಸೇರಿ ಅದು 1500. ಹೋಗುವುದಿಲ್ಲ.
2. 1300ಕ್ಕೆ ಇಳಿಸಿ. ಹೋಗುತ್ತದೆ.
3. ನಡುವಿನ ಸಂಖ್ಯೆಗಳನ್ನು ಅರ್ಧರ್ಧ ಮಾಡುತ್ತ ಹೋಗಿ. ಏಳೆಂಟು ಪ್ರಯತ್ನದಲ್ಲಿ ಗಡಿ ಸಿಗುತ್ತದೆ. 1372 ಹೋಗಿ 1373 ಹೋಗಲಿಲ್ಲ ಎನ್ನಿ: ದಾರಿಯ ಅಳತೆ 1400.
4. ಅದರಲ್ಲಿ 40 ಕಳೆಯಿರಿ. ಫೈರ್‌ವಾಲ್‌ನಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನೊಳಗಿನ ಡೇಟಾದ ಮಿತಿ) 1360ಕ್ಕೆ ಕಟ್ಟಿ. ಆ ಐಸಿಎಂಪಿ ಸಂದೇಶಕ್ಕೂ ದಾರಿ ಬಿಡಿ. ಐಸಿಎಂಪಿ ಪೂರ್ತಿ ಮುಚ್ಚುವುದು ಭದ್ರತೆಯಲ್ಲ.

ಧ್ವನಿಯ ಲೆಕ್ಕವನ್ನೂ ಇಲ್ಲೇ ಮುಗಿಸಿಕೊಳ್ಳಿ. ಧ್ವನಿಯನ್ನು ಕುಗ್ಗಿಸುವ ಜಿ.729 ಕೋಡೆಕ್ 8 ಕೆಬಿಪಿಎಸ್ ಅನ್ನುತ್ತಾರೆ. ತಲೆಬರಹಗಳು ಸೇರಿ ಒಂದು ಕರೆ 24 ಕೆಬಿಪಿಎಸ್, ಐಪಿಸೆಕ್ ಮೇಲೆ ಅದರ ದುಪ್ಪಟ್ಟಿನ ಹತ್ತಿರ. ಆದ್ಯತೆ ಕೊಡುವಾಗ ಕರೆಗಳಿಗೆ ಇಂತಿಷ್ಟು ಕೆಬಿಪಿಎಸ್ ಎಂದು ಬರೆದುಬಿಡಬೇಡಿ, ಶೇಕಡಾವಾರು ಬರೆಯಿರಿ. ಕೆಯು ಬ್ಯಾಂಡ್ ಎಂಬ ತರಂಗಾಂತರದ ಉಪಗ್ರಹ ಲಿಂಕ್ ಜೋರು ಮಳೆಗೆ ಸೊರಗುತ್ತದೆ. ಮೋಡೆಮ್ ತಾನೇ ನಿಧಾನದ ಮಾಡ್ಯುಲೇಶನ್ನಿಗೆ ಇಳಿದು ವೇಗ 2 ಎಂಬಿಪಿಎಸ್‌ನಿಂದ 1ಕ್ಕೆ ಇಳಿಯುತ್ತದೆ. ಮಳೆಗಾಲದ ಮಧ್ಯಾಹ್ನ ನಿಮ್ಮ ಲೆಕ್ಕವೆಲ್ಲ ಅಡಿಮೇಲಾಗುತ್ತದೆ.

ಗಡಿಯಾರ

ಇಡೀ ಕೆಲಸದಲ್ಲಿ ಅತಿ ಕಡಿಮೆ ಗಮನ ಸಿಗುವುದು ಇದಕ್ಕೆ, ಅದಕ್ಕೇ ಬೇರೆಯಾಗಿ ಹೇಳಬೇಕು. ಜನರೇಟರ್ ನಿಂತಿತು. ಯುಪಿಎಸ್ ಬ್ಯಾಟರಿ ಮುಗಿಯಿತು. ರ್‍ಯಾಕ್ ಪೂರ್ತಿ ಆರಿತು. ಕರೆಂಟು ಬಂದಾಗ ಫೈರ್‌ವಾಲ್‌ನೊಳಗಿನ ಗುಂಡಿ ಸೆಲ್ ಸತ್ತಿದ್ದರೆ ಅದು ತಾನು ಯಾವುದೋ ಹಳೇ ವರ್ಷದಲ್ಲಿದ್ದೇನೆ ಎಂದುಕೊಂಡು ಎದ್ದೇಳುತ್ತದೆ. ವಿಪಿಎನ್ ಕಟ್ಟಲು ಹೋದರೆ ಎದುರಿನವನ ಡಿಜಿಟಲ್ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’. ವಿಪಿಎನ್ ಏಳುವುದಿಲ್ಲ. ಸರಿಯಾದ ಸಮಯ ಕೊಡುವ ಎನ್‌ಟಿಪಿ ಸರ್ವರ್ ಇರುವುದು ವಿಪಿಎನ್‌ನ ಆಚೆ. ಸಮಯವಿಲ್ಲದೆ ವಿಪಿಎನ್ ಇಲ್ಲ, ವಿಪಿಎನ್ ಇಲ್ಲದೆ ಸಮಯವಿಲ್ಲ. ಇತ್ತ ವಿಂಡೋಸ್ ಡೊಮೇನಿನ ಕರ್ಬರಾಸ್ ಎಂಬ ಲಾಗಿನ್ ವ್ಯವಸ್ಥೆ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಒಪ್ಪುವುದಿಲ್ಲ, ಹಾಗಾಗಿ ಲಾಗಿನ್ನೂ ನಿಲ್ಲುತ್ತದೆ.

ಆಗ ಒತ್ತಡಕ್ಕೆ ಯಾರೋ ಪ್ರಮಾಣಪತ್ರದ ಪರೀಕ್ಷೆಯನ್ನೇ ಆಫ್ ಮಾಡುತ್ತಾರೆ. ಭದ್ರತೆ ಕೆಟ್ಟದ್ದು ಆ ಕ್ಷಣದಲ್ಲಿ, ಯಾವ ಹ್ಯಾಕರನೂ ಇಲ್ಲದೆ.

ಮನೆಯಲ್ಲಿ ಮಾಡಿ ನೋಡಿ: ಡೆಸ್ಕ್‌ಟಾಪಿನ ಸಿಆರ್2032 ಸೆಲ್ ತೆಗೆದು, ಬಯೋಸ್‌ನಲ್ಲಿ ದಿನಾಂಕ 2015ಕ್ಕೆ ಇಟ್ಟು, ಪ್ರಮಾಣಪತ್ರದ ಮೇಲೆ ನಿಂತ ಟನೆಲ್ ಎಬ್ಬಿಸಲು ಪ್ರಯತ್ನಿಸಿ. ಲಾಗ್‌ನಲ್ಲಿ (ಯಂತ್ರ ಬರೆದಿಡುವ ಘಟನೆಗಳ ದಾಖಲೆಯಲ್ಲಿ) ಬರುವ ಸಾಲನ್ನು ನೆನಪಿಡಿ. ಶಿಬಿರದಲ್ಲಿ ಇದಕ್ಕೆ ಮೂರು ಕಾವಲು: ಛಾವಣಿಯ ಮೇಲೆ ಜಿಪಿಎಸ್ ಆಂಟೆನಾ ಇರುವ ಸ್ಥಳೀಯ ಸಮಯ ಸರ್ವರ್, ಅದಿಲ್ಲದಿದ್ದರೆ ಒಂದೇ ಒಂದು ಎನ್‌ಟಿಪಿ ವಿಳಾಸಕ್ಕೆ ಟನೆಲ್‌ನ ಹೊರಗಿಂದ ಅನುಮತಿ, ಮತ್ತು 3 ವೋಲ್ಟಿಗಿಂತ ಸಾಕಷ್ಟು ಇಳಿದ ಗುಂಡಿ ಸೆಲ್ಲುಗಳನ್ನು ಕಾಯದೆ ಬದಲಿಸುವುದು. ಎಲ್ಲ ಲಾಗ್ ಯುಟಿಸಿಯಲ್ಲಿ (ಜಗತ್ತಿನ ಪ್ರಮಾಣ ಸಮಯದಲ್ಲಿ) ಇರಲಿ. ಕಾಂಗೊದ ಕಿನ್ಶಾಸಾ ಯುಟಿಸಿಗಿಂತ 1 ಗಂಟೆ ಮುಂದೆ, ಅದೇ ದೇಶದ ಗೋಮಾ ಮತ್ತು ದಕ್ಷಿಣ ಸುಡಾನ್‌ನ ಜುಬಾ 2 ಗಂಟೆ, ನಿಮ್ಮ ಮನಸ್ಸಿನಲ್ಲಿ ಐದೂವರೆ. ಮೂರು ಗಡಿಯಾರ ಬೆರೆತ ಲಾಗಿನಿಂದ ಘಟನೆಯ ಕ್ರಮ ಕಟ್ಟಲಾಗದು.

ಶಿಬಿರದ ಒಳಗೆ

ನೂರು ಜನರ ಶಿಬಿರಕ್ಕೂ ಕನಿಷ್ಠ ಆರು ವಿಎಲ್ಯಾನ್ ಬೇಕು: ಉಪಕರಣ ನಿರ್ವಹಣೆ, ಸಿಬ್ಬಂದಿ ಕಂಪ್ಯೂಟರು, ಫೋನು, ಕ್ಯಾಮೆರಾ, ಸರ್ವರ್, ಅತಿಥಿ. ಅತಿಥಿ ಜಾಲದಿಂದ ಇಂಟರ್ನೆಟ್ ಬಿಟ್ಟು ಇನ್ನೆಲ್ಲಿಗೂ ದಾರಿ ಇರಬಾರದು. ಕ್ಯಾಮೆರಾಗಳಿಗೆ ಇಂಟರ್ನೆಟ್ ದಾರಿಯೇ ಬೇಡ. ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ವಿಳಾಸ ಹುಡುಕುವ ಸೇವೆ) ನಿಮ್ಮ ಸರ್ವರಿನಿಂದ ಮಾತ್ರ. ಬೇರೆ ಯಾರಾದರೂ ಡಿಎನ್‌ಎಸ್ ಬಳಸುವ 53ನೇ ಪೋರ್ಟಿನಲ್ಲಿ ಹೊರಗೆ ಹೊರಟರೆ ತಡೆದು ಬರೆದಿಡಿ. ಮಾಲ್‌ವೇರ್ ಮೊದಲು ಸಿಕ್ಕಿಬೀಳುವುದು ಬಹಳ ಸಲ ಅಲ್ಲೇ.

ಉಪಗ್ರಹ ಮೋಡೆಮ್‌ನ ನಿರ್ವಹಣಾ ಪುಟ ಇಂಟರ್ನೆಟ್ಟಿಗೆ ಕಾಣಬಾರದು. ಕಪ್ಪತಗುಡ್ಡದ ಸುತ್ತ ತಿರುಗುವ ಗಾಳಿಯಂತ್ರ ನೋಡಿ ಬೆಳೆದವರಿಗೆ ಈ ಘಟನೆ ಚೆನ್ನಾಗಿ ನೆನಪುಳಿಯುತ್ತದೆ: 2022ರ ಫೆಬ್ರವರಿ 24ರಂದು ಕೆಎ-ಸ್ಯಾಟ್ ಉಪಗ್ರಹ ಸೇವೆಯ ನಿರ್ವಹಣಾ ಜಾಲಕ್ಕೆ, ತಪ್ಪಾಗಿ ಹೊಂದಿಸಿದ ಒಂದು ವಿಪಿಎನ್ ಉಪಕರಣದ ಮೂಲಕ, ದಾಳಿಕೋರರು ನುಗ್ಗಿದರು. ಸಾವಿರಾರು ಮೋಡೆಮ್‌ಗಳ ಒಳಗಿನ ಫ್ಲ್ಯಾಶ್ ಮೆಮೊರಿ ಅಳಿಸಿದರು. ಗುರಿ ಯುಕ್ರೇನ್, ಆದರೆ ಜರ್ಮನಿಯಲ್ಲಿ 5,800 ಗಾಳಿಯಂತ್ರಗಳ ದೂರ ನಿಗಾ ಕಡಿದುಹೋಯಿತು. ರೆಕ್ಕೆ ತಿರುಗುತ್ತಿದ್ದವು, ನೋಡುವವರಿಗೆ ಏನೂ ಕಾಣುತ್ತಿರಲಿಲ್ಲ. ಒಂದು ಮೋಡೆಮ್ ಹೊಂದಿಸಿಟ್ಟು ಕಪಾಟಿನಲ್ಲಿ ಬೀಗ ಹಾಕಿಡುವುದು ದುಂದಲ್ಲ.

ಹಾಗೆಯೇ ಒಂದು ಹೆಚ್ಚುವರಿ ಫೈರ್‌ವಾಲ್. ಇದ್ದ ಒಂದೇ ಫೈರ್‌ವಾಲ್ ಸುಟ್ಟ ರಾತ್ರಿ, ಮೋಡೆಮ್‌ನಿಂದ ಸ್ವಿಚ್‌ಗೆ ನೇರ ಒಂದು ಕೇಬಲ್ ಎಳೆದು ‘ಸದ್ಯಕ್ಕೆ’ ಓಡಿಸುತ್ತಾರೆ. ಆ ಸದ್ಯಕ್ಕೆ ಆರು ತಿಂಗಳಾಗುತ್ತದೆ. ರ್‍ಯಾಕ್ ತಪಾಸಣೆಗೆ ಹೋದಾಗ ಮೊದಲು ಹುಡುಕಬೇಕಾದ್ದು ಈ ಕೇಬಲ್.

ಲಾಗ್ ಕಳಿಸುವುದಕ್ಕೂ ಲೆಕ್ಕ ಬೇಕು. ಸೆಕೆಂಡಿಗೆ 200 ಸಾಲು, ಸಾಲಿಗೆ 300 ಬೈಟ್ ಅಂದರೆ 480 ಕೆಬಿಪಿಎಸ್. 2 ಎಂಬಿಪಿಎಸ್ ಲಿಂಕಿನ ಕಾಲುಭಾಗವನ್ನು ನಿಮ್ಮ ಕಾವಲೇ ತಿಂದಿತು. ದಿನಕ್ಕೆ 5 ಜಿಬಿಗೂ ಹೆಚ್ಚು. ಪೂರ್ತಿ ಲಾಗನ್ನು ಶಿಬಿರದ ಡಿಸ್ಕಿನಲ್ಲಿ 90 ದಿನ ಇಡಿ. ಲಾಗಿನ್ ಸೋಲು-ಗೆಲುವು, ಕಾನ್ಫಿಗರೇಶನ್ ಬದಲಾವಣೆ, ಹೊಸ ಖಾತೆ, ತಡೆದ ಡಿಎನ್‌ಎಸ್ ಇಷ್ಟನ್ನು ಮಾತ್ರ ತಕ್ಷಣ ಕಳಿಸಿ. ಉಳಿದದ್ದನ್ನು ಕುಗ್ಗಿಸಿ ರಾತ್ರಿ ಕಳಿಸಿ.

ವಿದ್ಯುತ್ತಿನ ವಿಷಯಕ್ಕೆ ಬಂದರೆ, ಎಸಿ ಕಂಪ್ರೆಸರ್ ಶುರುವಾದಾಗ ಚಿಕ್ಕ ಜನರೇಟರಿನ 50 ಹರ್ಟ್ಸ್ ಕುಸಿಯುತ್ತದೆ. ಸೂಕ್ಷ್ಮವಾಗಿ ಹೊಂದಿಸಿದ ಯುಪಿಎಸ್ ಅದನ್ನು ಕೆಟ್ಟ ಕರೆಂಟು ಎಂದು ತಿಳಿದು ಬ್ಯಾಟರಿಗೆ ಜಿಗಿಯುತ್ತದೆ. ಜನರೇಟರ್ ಓಡುತ್ತಲೇ ಇರುತ್ತದೆ, ಯುಪಿಎಸ್ ಬ್ಯಾಟರಿ ಖಾಲಿಯಾಗಿ ರ್‍ಯಾಕ್ ಆರುತ್ತದೆ. ಬಂದವರು ಯುಪಿಎಸ್ ಬದಲಿಸುತ್ತಾರೆ, ಹೊಸದೂ ಅದನ್ನೇ ಮಾಡುತ್ತದೆ. ಸೂಕ್ಷ್ಮತೆಯನ್ನು ಕಡಿಮೆಗೆ ಇಡಿ, ಎಸಿಯನ್ನು ರ್‍ಯಾಕಿನ ಜನರೇಟರಿನಿಂದ ಬೇರೆ ಮಾಡಿ. ಬ್ಯಾಟರಿಯ ಹತ್ತಿರ ಉಷ್ಣಮಾಪಕ ಇಡಿ: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಸೀಲ್ಡ್ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಅರ್ಥಿಂಗ್ ಬಗ್ಗೆ ನಮ್ಮ ಕಡೆಯವರಿಗೆ ಸ್ವಲ್ಪ ಮುನ್ನಡೆ ಇದೆ. ಗದಗ, ನವಲಗುಂದದ ಎರಿ ಭೂಮಿಯಲ್ಲಿ ಮಳೆಗಾಲದಲ್ಲಿ ಅರ್ಥ್ ಟೆಸ್ಟರ್ ಹಿಡಿದರೆ ಸುಲಭವಾಗಿ ಚಲೋ ರೀಡಿಂಗ್ ಬರುತ್ತದೆ. ಏಪ್ರಿಲ್‌ನಲ್ಲಿ ಭೂಮಿ ಬಿರಿದಾಗ ಅದೇ ಗುಂಡಿ ಬೇರೆಯೇ ಹೇಳುತ್ತದೆ. ಮಸಾರಿಯಲ್ಲಿ, ಮುರಮಿನಲ್ಲಿ ಇನ್ನೂ ಕಷ್ಟ, ಮತ್ತು ಆಫ್ರಿಕಾದ ಹಲವು ಶಿಬಿರಗಳು ಕೂತಿರುವುದು ಆ ಜಾತಿಯ ಕೆಂಪು ನೆಲದ ಮೇಲೆ. ಒಣಗಾಲದಲ್ಲೇ ಅಳೆಯಿರಿ, 5 ಓಮ್‌ಗಿಂತ ಕಡಿಮೆ ಬರುವವರೆಗೆ ರಾಡ್ ಸೇರಿಸಿ. ಎಲ್ಲ ಅರ್ಥ್‌ಗಳನ್ನೂ ಒಂದಕ್ಕೊಂದು ಕಟ್ಟಿ. ಒಂದು ಕಂಟೇನರಿನಿಂದ ಇನ್ನೊಂದಕ್ಕೆ ತಾಮ್ರದ ನೆಟ್‌ವರ್ಕ್ ತಂತಿ ಬೇಡ, ಫೈಬರ್ ಎಳೆಯಿರಿ. ಸಿಡಿಲು ಹತ್ತಿರ ಬಿದ್ದಾಗ ಎರಡು ಕಂಟೇನರಿನ ನೆಲದ ವೋಲ್ಟೇಜು ಬೇರೆಯಾಗಿ, ಆ ತಂತಿಯ ಎರಡೂ ತುದಿಯ ಸ್ವಿಚ್ ಒಟ್ಟಿಗೆ ಸಾಯುತ್ತವೆ.

ಜನ

ತುಕಡಿಗಳು, ವೀಕ್ಷಕರು ಸಾಮಾನ್ಯವಾಗಿ ಒಂದು ವರ್ಷಕ್ಕೆ ಬದಲಾಗುತ್ತಾರೆ. ಹೋಗುವವನು ಬರುವವನಿಗೆ ಕಡತ, ಬೀಗದ ಕೈ, ಜೊತೆಗೆ ಒಂದು ಚೀಟಿಯಲ್ಲಿ ಪಾಸ್‌ವರ್ಡು ಕೊಟ್ಟು ಹೋಗುತ್ತಾನೆ. ದುರುದ್ದೇಶ ಇಲ್ಲ, ಕೆಲಸ ನಿಲ್ಲಬಾರದೆಂಬ ಕಾಳಜಿ. ಇದನ್ನು ಭಾಷಣದಿಂದ ನಿಲ್ಲಿಸಲಾಗದು. ಬರುವವನ ಖಾತೆ ಅವನು ವಿಮಾನ ಇಳಿಯುವ ಮುಂಚೆ ತಯಾರಿದ್ದರೆ ಚೀಟಿಯ ಅಗತ್ಯವೇ ಬೀಳುವುದಿಲ್ಲ. ಬದಲಾವಣೆಯ ಪಟ್ಟಿಯನ್ನು ಎರಡು ವಾರ ಮೊದಲೇ ಸಿಬ್ಬಂದಿ ವಿಭಾಗದಿಂದ ತರಿಸಿಕೊಳ್ಳಿ. ಹೋಗುವವನ ಖಾತೆ ಚೆಕ್-ಔಟ್ ಸಹಿಯ ದಿನವೇ ಮುಚ್ಚಲಿ. ಎರಡನೇ ಹಂತದ ದೃಢೀಕರಣಕ್ಕೆ ಯಾರಿಗೂ ರಿಯಾಯಿತಿ ಬೇಡ. 2021ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಜಾಲದೊಳಗೆ ಹೊರಗಿನವರು ನುಗ್ಗಿದ್ದರೆಂದು ಆ ಸೆಪ್ಟೆಂಬರಿನಲ್ಲಿ ವಕ್ತಾರರೇ ಒಪ್ಪಿಕೊಂಡರು. ಕದ್ದ ಲಾಗಿನ್ ಒಂದರಿಂದ, ಅದೂ ಎರಡನೇ ಹಂತವಿಲ್ಲದ ಖಾತೆಯಿಂದ, ಅದು ಆಯಿತೆಂದು ವರದಿಯಾಗಿತ್ತು.

ಕೈಗಡಿಯಾರ, ಫೋನುಗಳ ವಿಷಯದಲ್ಲಿ ಒಂದೇ ಉದಾಹರಣೆ ಸಾಕು: 2018ರ ಜನವರಿಯಲ್ಲಿ ಸ್ಟ್ರಾವಾ ಆ್ಯಪ್‌ನ ಓಟದ ನಕ್ಷೆಯಲ್ಲಿ ಸೈನಿಕ ನೆಲೆಗಳ ಸುತ್ತುಗೋಡೆಗಳು ಬೆಳಕಿನ ಗೆರೆಗಳಾಗಿ ಕಂಡವು. ಬೆಳಿಗ್ಗೆ ಜಾಗಿಂಗ್ ಮಾಡಿದವರು ತಾವೇ ಬರೆದ ನಕ್ಷೆ ಅದು.

ಸಂಶಯ ಬಂದಾಗ

ಬೆಳಗಿನ 7:40ಕ್ಕೆ ಒಬ್ಬರ ಮೇಲ್‌ನಿಂದ ಎಲ್ಲರಿಗೂ ‘ಹೊಸ ಭತ್ಯೆ ಪಟ್ಟಿ’ ಎಂಬ ಲಿಂಕ್ ಹೋಗಿದೆ ಎನ್ನಿ. ಕಂಪ್ಯೂಟರನ್ನು ಆಫ್ ಮಾಡಬೇಡಿ, ಮೆಮೊರಿಯಲ್ಲಿದ್ದ ಸಾಕ್ಷ್ಯ ಹೋಗುತ್ತದೆ. ನೆಟ್‌ವರ್ಕ್ ತಂತಿ ಕೀಳಿ, ವೈಫೈ ಆರಿಸಿ. ಪಾಸ್‌ವರ್ಡ್ ಬದಲಿಸುವುದು ಬೇರೆ ಯಂತ್ರದಿಂದ. ಅಷ್ಟಕ್ಕೇ ನಿಲ್ಲುವವರು ಮಧ್ಯಾಹ್ನ ಮತ್ತೆ ಅದೇ ಮೇಲ್ ನೋಡುತ್ತಾರೆ: ತೆರೆದಿದ್ದ ಸೆಷನ್‌ಗಳನ್ನು ರದ್ದು ಮಾಡದಿದ್ದರೆ ಹೊಸ ಪಾಸ್‌ವರ್ಡ್ ಕಳ್ಳನನ್ನು ಹೊರಹಾಕುವುದಿಲ್ಲ. ಮೇಲ್‌ಬಾಕ್ಸಿನ ಫಾರ್ವರ್ಡ್ ನಿಯಮಗಳನ್ನು ಒಂದೊಂದಾಗಿ ತೆರೆದು ನೋಡಿ. ಉತ್ತರಗಳನ್ನು ಅಳಿಸುವ, ಹೊರಗೆ ಕಳಿಸುವ ನಿಯಮ ಅಲ್ಲಿ ಅಡಗಿರುತ್ತದೆ. ಹೊಸದಾಗಿ ಸೇರಿದ ದೃಢೀಕರಣದ ಫೋನು ಇದೆಯೇ ನೋಡಿ. ಮೆಮೊರಿ, ಡಿಸ್ಕ್ ಪ್ರತಿ ತೆಗೆದು ಎಸ್‌ಎಚ್‌ಎ-256 ಮೊತ್ತವನ್ನು (ಪ್ರತಿ ಬದಲಾಗಿಲ್ಲವೆಂದು ತೋರಿಸುವ ಗುರುತು) ಕಾಗದದ ನೋಟ್‌ಬುಕ್ಕಿನಲ್ಲಿ ಯುಟಿಸಿ ಸಮಯದೊಂದಿಗೆ ಬರೆಯಿರಿ. ಮಿಷನ್ನಿನ ಭದ್ರತಾ ಹೊಣೆಗಾರರಿಗೆ ಫೋನಿನಲ್ಲಿ ಹೇಳಿ. ಅದೇ ಮೇಲ್ ವ್ಯವಸ್ಥೆಯಲ್ಲಿ ಬರೆದರೆ ಕಳ್ಳನೂ ಓದುತ್ತಾನೆ.

ಮಿಷನ್ ಮುಚ್ಚುವಾಗಿನ ಕೆಲಸ ಯಾರೂ ಹೇಳಿಕೊಡುವುದಿಲ್ಲ. ಮಾಲಿಯ ಮಿಷನ್ನಿನ ಅವಧಿ 2023ರ ಜೂನ್ 30ಕ್ಕೆ ಮುಗಿಯಿತು, ಅದೇ ಡಿಸೆಂಬರ್ 31ರೊಳಗೆ ಎಲ್ಲರೂ ಹೊರಡಬೇಕಾಯಿತು. ಅಷ್ಟು ಬೇಗ ನೂರಾರು ಎಸ್‌ಎಸ್‌ಡಿಗಳನ್ನು ಮೇಲೆ ಬರೆದು ಅಳಿಸುತ್ತ ಕೂರಲಾಗದು. ಎಸ್‌ಎಸ್‌ಡಿಯಲ್ಲಿ ಹಾಗೆ ಪೂರ್ತಿ ಅಳಿಯುವ ಭರವಸೆಯೂ ಇಲ್ಲ. ಮೊದಲ ದಿನವೇ ಪೂರ್ತಿ ಡಿಸ್ಕ್ ಗೂಢಲಿಪಿ ಹಾಕಿಟ್ಟಿದ್ದರೆ ಕೊನೆಯ ದಿನ ಕೀಲಿ ನಾಶ ಮಾಡಿದರೆ ಬಹುಪಾಲು ಮುಗಿಯಿತು.

ಒಳಹೋಗುವ ದಾರಿ

ಮೂರು ಬಾಗಿಲು. ಪ್ರೊಫೆಷನಲ್ ದರ್ಜೆಯ ಪಿ-3ಕ್ಕೆ ಸ್ನಾತಕೋತ್ತರ ಪದವಿ ಮತ್ತು 5 ವರ್ಷ, ಅಥವಾ ಬಿಇ ಮೇಲೆ 7 ವರ್ಷದ ಅನುಭವ. ಫೀಲ್ಡ್ ಸರ್ವಿಸ್ ದರ್ಜೆಗೆ ಪದವಿಗಿಂತ ಕೈಕೆಲಸದ ಅನುಭವ, ತಾಂತ್ರಿಕ ಸರ್ಟಿಫಿಕೇಟು ಮುಖ್ಯ. ಡಿಪ್ಲೊಮಾ ಮಾಡಿ ವರ್ಷಗಟ್ಟಲೆ ಟವರ್, ರ್‍ಯಾಕ್ ನೋಡಿದವರು ಇದನ್ನು ಕಡೆಗಣಿಸಬಾರದು. ಮೂರನೆಯದು ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ. ಅದರ ಸ್ಪೆಷಲಿಸ್ಟ್ ವರ್ಗಕ್ಕೆ ಕನಿಷ್ಠ 27 ವರ್ಷ ವಯಸ್ಸು, 3 ವರ್ಷ ಅನುಭವ. ನಮ್ಮ ಅಭಿಪ್ರಾಯದಲ್ಲಿ ಹಾವೇರಿ, ಗದಗಿನ ಹುಡುಗರಿಗೆ ಇದೇ ಹತ್ತಿರದ ಬಾಗಿಲು. ಸರ್ಟಿಫಿಕೇಟುಗಳಲ್ಲಿ ಸಿಸಿಎನ್‌ಎ (ನೆಟ್‌ವರ್ಕ್) ಮೊದಲು, ಸೆಕ್ಯುರಿಟಿ ಪ್ಲಸ್ (ಭದ್ರತೆ) ಆಮೇಲೆ. ಭದ್ರತೆಯ ಮೇಲಿನ ಹಂತದ ಸಿಐಎಸ್‌ಎಸ್‌ಪಿಗೆ 5 ವರ್ಷದ ಅನುಭವ ತೋರಿಸಬೇಕು, ಅವಸರ ಬೇಡ. ಕಾಂಗೊ, ಮಧ್ಯ ಆಫ್ರಿಕಾದಲ್ಲಿ ಫ್ರೆಂಚ್ ಬಂದವರಿಗೆ ಬೆಲೆ ಹೆಚ್ಚು.

ಮೊದಲೆರಡು ಬಾಗಿಲಿಗೆ ಅರ್ಜಿ ಇನ್‌ಸ್ಪೈರಾ ಎಂಬ ಜಾಲತಾಣದಲ್ಲಿ, ಸ್ವಯಂಸೇವಕ ಯೋಜನೆಗೆ ಅದರದೇ ಜಾಲತಾಣದಲ್ಲಿ. ಇನ್‌ಸ್ಪೈರಾದಲ್ಲಿ ಕೊನೆಯ ದಿನದ ರಾತ್ರಿ 11:59 ಎಂದರೆ ನ್ಯೂಯಾರ್ಕ್ ಸಮಯ; ನಮಗೆ ಮರುದಿನ ಬೆಳಿಗ್ಗೆ 9:29, ಅಲ್ಲಿಯ ಚಳಿಗಾಲದಲ್ಲಿ 10:29. ಪ್ರತಿ ಕೆಲಸದ ಕೆಳಗೆ ‘ನೆಟ್‌ವರ್ಕ್ ನೋಡಿಕೊಂಡೆ’ ಎಂದು ಬರೆದರೆ ಶೋಧನೆಯಲ್ಲೇ ಉದುರುತ್ತೀರಿ. ಎಷ್ಟು ಸ್ವಿಚ್, ಎಷ್ಟು ಜಾಗ, ಯಾವ ಫೈರ್‌ವಾಲ್, ಏನು ಕೆಟ್ಟಿತು, ಎಷ್ಟು ಹೊತ್ತಿನಲ್ಲಿ ಎದ್ದಿತು ಎಂದು ಬರೆಯಿರಿ. ಪ್ರಕಟಣೆಯ ಪದಗಳನ್ನೇ ಬಳಸಿ, ತಿಂಗಳುಗಳ ನಡುವೆ ತೂತು ಬಿಡಬೇಡಿ. ಸಂದರ್ಶನದಲ್ಲಿ ಪರಿಸ್ಥಿತಿ, ನೀವು ಮಾಡಿದ್ದು, ಫಲ, ಕಲಿತದ್ದು ಎಂಬ ಕ್ರಮದಲ್ಲಿ ಹೇಳಿ. ‘ನಾವು ಮಾಡಿದೆವು’ ಎನ್ನುವುದು ನಮ್ಮ ಸಭ್ಯತೆ; ಅಲ್ಲಿ ‘ನಾನು ಏನು ಮಾಡಿದೆ’ ಎಂದು ಕೇಳುತ್ತಾರೆ. ಕೋಣೆಯ ಲ್ಯಾಬಿನ ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ವಿಶ್ವಸಂಸ್ಥೆ ನೇಮಕಾತಿಯ ಯಾವ ಹಂತದಲ್ಲೂ ಒಂದು ರೂಪಾಯಿ ಶುಲ್ಕ ಕೇಳುವುದಿಲ್ಲ. ಅರ್ಜಿಗೆ, ಸಂದರ್ಶನಕ್ಕೆ, ವೈದ್ಯಕೀಯಕ್ಕೆ, ವೀಸಾಗೆ ಎಂದು ದುಡ್ಡು ಕೇಳಿದವನು ಕಳ್ಳ, ಅವನ ಲೆಟರ್‌ಹೆಡ್ ಎಷ್ಟೇ ನೀಲಿಯಿದ್ದರೂ.

ಪಾಸ್‌ಪೋರ್ಟ್ ಹುಬ್ಬಳ್ಳಿಯಲ್ಲೇ ಆಗುತ್ತದೆ, ಅರ್ಜಿಗೆ ಮುಂಚೆಯೇ ಮಾಡಿಸಿಡಿ. ಆಯ್ಕೆಯಾದ ಮೇಲೆ ಬಿಸೇಫ್ ಎಂಬ ಆನ್‌ಲೈನ್ ಸುರಕ್ಷತಾ ತರಬೇತಿ ಕಡ್ಡಾಯ. ಆಫ್ರಿಕಾದ ಮಿಷನ್ನುಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಅದರ ಪ್ರಮಾಣಪತ್ರಕ್ಕೆ ಬೆಲೆ ಬರುವುದು ಚುಚ್ಚಿಸಿಕೊಂಡ 10 ದಿನದ ನಂತರ, ಆಮೇಲೆ ಜೀವನಪೂರ್ತಿ. ಹಳದಿ ಪುಸ್ತಕ ಕಳೆದುಕೊಂಡು ರಜೆಗೆ ಊರಿಗೆ ಬಂದರೆ ಭಾರತದ ವಿಮಾನ ನಿಲ್ದಾಣದಿಂದಲೇ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು, ಅದನ್ನು ಪಾಸ್‌ಪೋರ್ಟ್ ಜೊತೆಗೇ ಕಟ್ಟಿಡಿ. ಚೀಲದಲ್ಲಿ ಸಿಆರ್2032 ಸೆಲ್ ಹತ್ತು, ಸೀರಿಯಲ್ ಕನ್ಸೋಲ್ ಕೇಬಲ್ ಎರಡು, ಆರ್‌ಜೆ-45 ತುದಿಗಳು, ಹೆಡ್‌ಲ್ಯಾಂಪ್. ಕ್ರಿಂಪಿಂಗ್ ಟೂಲ್ ಚೆಕ್-ಇನ್ ಸಾಮಾನಿನಲ್ಲಿ, ಪವರ್ ಬ್ಯಾಂಕ್ ಮತ್ತು ಬಿಡಿ ಸೆಲ್ಲುಗಳು ಕೈಚೀಲದಲ್ಲಿ.